ಪ್ಲಾಂಕ್ ಸ್ಥಿರಾಂಕ ಕಡಿಮೆ ಬರ್ತದ, ವರ್ಕ್ ಫಂಕ್ಷನ್ 1.2. ತಪ್ಪು ಎಲ್ಲಿ?

ಬಿಎಸ್ಸಿ_ಕಲಬುರಗಿ
ಫೋಟೋಇಲೆಕ್ಟ್ರಿಕ್ ಪ್ರಯೋಗ ಮಾಡ್ಲಿಕತ್ತೀನಿ. ಫೋಟೋಟ್ಯೂಬಿನ ಕ್ಯಾಥೋಡ್ (ಬೆಳಕು ಬಿದ್ರ ಇಲೆಕ್ಟ್ರಾನ್ ಬಿಡೋ ಭಾಗ) ಸೀಸಿಯಂ-ಆಂಟಿಮನಿ, ಬೆಳಕಿಗೆ ಟಂಗ್‌ಸ್ಟನ್ ಬಲ್ಬ್, ಮುಂದ ಬಣ್ಣದ ಫಿಲ್ಟರ್. ಸ್ಟಾಪಿಂಗ್ ವೋಲ್ಟೇಜ್ (ಕರೆಂಟ್ ಪೂರಾ ನಿಲ್ಲಿಸೋ ಉಲ್ಟಾ ವೋಲ್ಟೇಜ್) 635 ನ್ಯಾನೋಮೀಟರ್ ಕೆಂಪಿಗೆ 0.32, 460ರ ನೀಲಿಗೆ 0.90. ಇದರಿಂದ ಪ್ಲಾಂಕ್ ಸ್ಥಿರಾಂಕ 5.2 × 10⁻³⁴ ಅಷ್ಟೇ ಬರ್ತದ, ವರ್ಕ್ ಫಂಕ್ಷನ್ (ಇಲೆಕ್ಟ್ರಾನ್ ಹೊರಗ ಬರ್ಲಿಕ್ಕೆ ಬೇಕಾಗೋ ಕನಿಷ್ಠ ಶಕ್ತಿ) 1.2 ಇಲೆಕ್ಟ್ರಾನ್ ವೋಲ್ಟ್. ಪುಸ್ತಕದಾಗ ಸೀಸಿಯಂಗೆ 2.14 ಅದ. ಬಲ್ಬ್ ಹತ್ತಿರ ತಂದ್ರ ಸರಿಹೋಗ್ತದೇನ್ರಿ?

ಬೀದರ್_ಲ್ಯಾಬ್
ಇಲ್ರಿ. ಬೆಳಕು ಹೆಚ್ಚಾದ್ರ ಕರೆಂಟ್ ಹೆಚ್ಚಾಗ್ತದ, ಸ್ಟಾಪಿಂಗ್ ವೋಲ್ಟೇಜ್ ಅಲ್ಲೇ ಇರ್ತದ.

ನನ್ನ ಅನುಮಾನ ಕೆಂಪು ಫಿಲ್ಟರ್ ಮ್ಯಾಲೆ. 635ರಿಂದ 460ಕ್ಕೆ ಆವರ್ತನ 1.80 × 10¹⁴ ಹರ್ಟ್ಜ್ ಏರ್ತದ, ವೋಲ್ಟೇಜ್ 0.74 ಏರಬೇಕು, ನಿಮ್ಮದು 0.58. ನೀಲಿ ರೀಡಿಂಗ್ ಸರಿ ಅಂತ ಹಿಡಿದ್ರ ಕೆಂಪಿಗೆ 0.16 ಬರಬೇಕಿತ್ತು. ಈ ಕ್ಯಾಥೋಡ್ ಕೆಂಪಿಗೆ ಮೊದಲೇ ಮಂದ. ಫಿಲ್ಟರಿನಾಗಿಂದ ಚೂರು ಹಳದಿ-ಹಸಿರು ಸೋರಿದ್ರೂ ಆ ವೇಗದ ಇಲೆಕ್ಟ್ರಾನ್‌ಗಳು ಕಡೀತನಕ ಹರೀತಾವ. ಅವನ್ನ ನಿಲ್ಲಿಸೋ ವೋಲ್ಟೇಜನ್ನ ನೀವು ಕೆಂಪಿಂದು ಅಂತ ಬರ್ಕೊಂಡೀರಿ.

ಕೆಂಪು, ನೀಲಿ ಫಿಲ್ಟರ್ ಒಂದರ ಮ್ಯಾಲೊಂದು ಇಟ್ಟು ನೋಡ್ರಿ. ಮುಚ್ಚಳ ಹಾಕಿದಾಗಿನ ಡಾರ್ಕ್ ಕರೆಂಟ್‌ಗಿಂತ ಹೆಚ್ಚು ಬಂದ್ರ ಫಿಲ್ಟರ್ ಸೋರ್ತದ. ಮರ್ಕ್ಯುರಿ ಲ್ಯಾಂಪ್ ಇದ್ರ ಅದೇ ಬಳಸ್ರಿ: 578, 546, 436, 405ರ ಗೆರೆಗಳು, ಒಂದೊಂದಕ್ಕೂ ಅದರದೇ ಫಿಲ್ಟರ್, ಹಚ್ಚಿ ಹದಿನೈದು ನಿಮಿಷ ಬಿಟ್ಟು ರೀಡಿಂಗ್. ಬ್ಯಾಸಿಗ್ಯಾಗ ಪ್ರಯೋಗ ಮುಂಜಾನೆ ಮುಗಿಸೋದು ಛಲೋ. ಕೋಣೆ ಕಾದಷ್ಟು ಈ ಕ್ಯಾಥೋಡಿನ ಡಾರ್ಕ್ ಕರೆಂಟ್ ಏರ್ತದ.

ಯಾದಗಿರಿ_ಫಿಸಿಕ್ಸ್
ಮೇಲಿನದು ಸರಿ. ಕೆಂಪಿಗೆ 0.16 ಹಾಕಿದ್ರ ಸ್ಥಿರಾಂಕ 6.6 × 10⁻³⁴, ಇಂಟರ್‌ಸೆಪ್ಟ್ 1.79 ಬರ್ತದ, ಅಂದ್ರ ನೀವು ವರ್ಕ್ ಫಂಕ್ಷನ್ ಅಂತ ತೆಗೆದ ಅಂಕಿ. ಆದ್ರ ಆ 1.79 ಕ್ಯಾಥೋಡಿಂದಲ್ರಿ! ಕ್ಯಾಥೋಡ್, ಆನೋಡ್ (ಇಲೆಕ್ಟ್ರಾನ್ ಹಿಡಿಯೋ ಭಾಗ) ಎರಡೂ ತಂತಿಯಿಂದ ಕೂಡಿದ ಮ್ಯಾಲೆ ಅವುಗಳ ನಡುವ ತಾನಾಗೇ ಹುಟ್ಟೋ ಕಾಂಟ್ಯಾಕ್ಟ್ ಪೊಟೆನ್ಷಿಯಲ್ ನಿಮ್ಮ ಮೀಟರಿನ ವೋಲ್ಟೇಜಿಗೆ ಸೇರ್ತದ. ಲೆಕ್ಕ ಮಾಡಿದ್ರ ಕ್ಯಾಥೋಡಿನ ವರ್ಕ್ ಫಂಕ್ಷನ್ ಹೊಡೆದು ಹೋಗಿ ಆನೋಡಿಂದು ಉಳೀತದ. ಆವರ್ತನ-ವೋಲ್ಟೇಜ್ ಗೆರೆಯ ಇಳಿಜಾರಿಗೆ, ಅಂದ್ರ ಪ್ಲಾಂಕ್ ಸ್ಥಿರಾಂಕಕ್ಕೆ, ಇದರಿಂದ ತೊಂದರೆ ಇಲ್ಲ. ಬಹಳ ಲ್ಯಾಬ್ ಮ್ಯಾನ್ಯುವಲ್‌ಗಳು ಇದನ್ನ ಹೇಳೋದೇ ಇಲ್ಲ. ಇನ್ನ 2.14 ಶುದ್ಧ ಸೀಸಿಯಂಂದು. ನಿಮ್ಮದು ಆಂಟಿಮನಿ ಕೂಡಿದ ಅರೆವಾಹಕ.

ಬಿಎಸ್ಸಿ_ಕಲಬುರಗಿ
ಹಂಗಾದ್ರ ಕ್ಯಾಥೋಡಿಂದು ಹ್ಯಾಂಗ ತೆಗೀಬೇಕು?

ಯಾದಗಿರಿ_ಫಿಸಿಕ್ಸ್
ಆನೋಡಿಗೆ ಪಾಸಿಟಿವ್ ವೋಲ್ಟೇಜ್ ಕೊಟ್ಟು, ಮೊನೋಕ್ರೊಮೇಟರಿನಿಂದ (ಬೇಕಾದ ಒಂದೇ ತರಂಗಾಂತರ ಆರಿಸಿ ಕೊಡೋ ಉಪಕರಣ) ತರಂಗಾಂತರ ಏರಿಸ್ಕೋತ ಹೋಗ್ರಿ. ಫೋಟೋಕರೆಂಟ್ ಎಲ್ಲಿ ಸತ್ತುಹೋಗ್ತದೋ ಅದು ಹೊಸ್ತಿಲು. 1240ನ್ನ ಆ ನ್ಯಾನೋಮೀಟರಿನಿಂದ ಭಾಗಿಸಿದ್ರ ಇಲೆಕ್ಟ್ರಾನ್ ವೋಲ್ಟಿನಾಗ ಉತ್ತರ. ಫಿಲ್ಟರಿನಿಂದ ಇದು ಆಗೋದಿಲ್ಲ.