ಭಾವ, ಕಿಲೋಮೀಟರ್‌ಗಿಂತ ಮೊದಲು ಟಾಪ್ ನೋಡಿ

ಭಾವ, ನೀವು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ ಎರಡೂ ಕಾರುಗಳ ಫೋಟೊ ನೋಡಿದೆ. ಒಂದು 2005ರ ಮರ್ಸಿಡಿಸ್ ಎಸ್‌ಎಲ್ 500, ಓಡಿರುವುದು ಬರೀ 38,000 ಕಿಲೋಮೀಟರ್. ಇನ್ನೊಂದು 2015ರ ಇ-ಕ್ಲಾಸ್ ಕ್ಯಾಬ್ರಿಯೊಲೆಟ್, 1,40,000 ಓಡಿದೆ. ಬೆಲೆ ಹೆಚ್ಚುಕಡಿಮೆ ಒಂದೇ, ಯಾವುದನ್ನು ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ಟೈಪ್ ಮಾಡುತ್ತಾ ಕುಳಿತರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ, ಹಾಗಾಗಿ ಬಾಯಿಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದಾಗ ಕೇಳಿ.

ಮಾವ ಆಗಲೇ “ಕಡಿಮೆ ಓಡಿದ್ದನ್ನೇ ತೆಗೆದುಕೊಳ್ಳಿ, ಅದರಲ್ಲಿ ಯೋಚಿಸುವುದೇನಿದೆ” ಎಂದು ಬರೆದಿದ್ದಾರೆ. ಮಾವ, ಎರಡೂ ಕಾರುಗಳ ವಯಸ್ಸು ಒಂದೇ ಆಗಿದ್ದರೆ ನಿಮ್ಮ ಮಾತನ್ನು ನಾನೂ ಒಪ್ಪುತ್ತಿದ್ದೆ. ಇಲ್ಲಿ ನಡುವೆ ಹತ್ತು ವರ್ಷಗಳ ಅಂತರವಿದೆ. ಅಲ್ಲದೆ ಇವು ತಲೆಯ ಮೇಲಿನ ಟಾಪ್ ಮಡಚಿಕೊಳ್ಳುವ ಕಾರುಗಳು, ಅಂದರೆ ಕನ್ವರ್ಟಿಬಲ್, ಲೆಕ್ಕವೇ ಬೇರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದಾಖಲೆಗಳು ಸರಿಯಾಗಿದ್ದರೆ ಇ-ಕ್ಲಾಸ್. ಕಾರಣ ಹೇಳುತ್ತೇನೆ.

ಕಾರು ಎರಡು ರೀತಿಯಲ್ಲಿ ಸವೆಯುತ್ತದೆ. ಓಡಿದಷ್ಟೂ ಬ್ರೇಕ್ ಪ್ಯಾಡ್, ಬುಷ್, ಬೇರಿಂಗ್, ಶಾಕ್ ಅಬ್ಸಾರ್ಬರ್, ಸೀಟಿನ ಅಂಚು ಇವೆಲ್ಲ ಸವೆಯುತ್ತವೆ. ಈ ಸವೆತ ಸದ್ದು ಮಾಡುತ್ತದೆ, ಕೈಗೆ ಸಿಗುತ್ತದೆ, ಯಾವ ಮೆಕ್ಯಾನಿಕ್ ಆದರೂ ಒಂದು ಸುತ್ತು ಓಡಿಸಿ ಹೇಳಬಲ್ಲ. ಇನ್ನೊಂದು, ನಿಂತಲ್ಲೇ ಆಗುವ ಸವೆತ: ರಬ್ಬರ್, ಪ್ಲಾಸ್ಟಿಕ್, ಗಾಜು ಹಿಡಿದಿರುವ ಅಂಟು, ತಂತಿಯ ಮೇಲಿನ ಹೊದಿಕೆ, ಬ್ರೇಕ್ ಆಯಿಲ್. ಇದಕ್ಕೆ ಮೀಟರ್ ಇಲ್ಲ. ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಬ್ಬರ್ ಬ್ಯಾಂಡ್ ನೋಡಲು ಹೊಸದರಂತೆಯೇ ಇರುತ್ತದೆ, ಎಳೆದಾಗ ಮಾತ್ರ ಪಟ್ಟನೆ ತುಂಡಾಗುತ್ತದಲ್ಲ, ಹಾಗೆ. ಮಾಮೂಲಿ ಕಾರಿಗಿಂತ ಕನ್ವರ್ಟಿಬಲ್‌ನಲ್ಲಿ ಈ ಎರಡನೆಯ ಜಾತಿಯ ಭಾಗಗಳು ಬಹಳ ಹೆಚ್ಚು. ಪ್ರತಿ ಕಿಟಕಿಯ ಸುತ್ತ ಸೀಲ್, ಟಾಪಿನ ಒಂದೊಂದು ಕೂಡುಗೆರೆಗೂ ಸೀಲ್, ಎಣ್ಣೆಯ ಒತ್ತಡದಿಂದ ಟಾಪ್ ಎತ್ತುವ ಹೈಡ್ರಾಲಿಕ್ ಸಿಲಿಂಡರ್‌ಗಳ ಒಳಗೆ ಸೀಲ್, ಅವುಗಳಿಗೆ ಎಣ್ಣೆ ಒಯ್ಯುವ ಹೋಸ್, ಮಳೆನೀರು ಹೊರಹೋಗಲು ಸಣ್ಣ ಸಣ್ಣ ಕೊಳವೆ.

ಒಂದು ಉದಾಹರಣೆ ಹೇಳುತ್ತೇನೆ, ಕಣ್ಣಿಗೆ ಕಟ್ಟುವಂಥದ್ದು. 1996ರಲ್ಲಿ ಬಂದ ಜಾಗ್ವಾರ್ ಎಕ್ಸ್‌ಕೆ8 ಎಂಬ ಕನ್ವರ್ಟಿಬಲ್ ಇದೆ. ಅದರ ಟಾಪನ್ನು ಮುಂದಿನ ಗಾಜಿನ ಚೌಕಟ್ಟಿಗೆ ಕಚ್ಚಿ ಹಿಡಿಯುವ ಕೊಂಡಿಯೂ ಹೈಡ್ರಾಲಿಕ್. ಅದಕ್ಕೆ ಹೋಗುವ ಹೋಸ್ ಚಾಲಕನ ತಲೆಯ ಹತ್ತಿರ, ಗಾಜಿನ ಮೇಲಂಚಿನ ಒಳಗೆ ಹಾದುಹೋಗುತ್ತದೆ. ವಯಸ್ಸಾದ ಹೋಸ್ ಹೊರಗೆ ಕಾಣುವುದೇ ಇಲ್ಲ. ಒಂದು ದಿನ ಬಟನ್ ಒತ್ತಿದಾಗ ಒತ್ತಡ ತಾಳಲಾರದೆ ಒಡೆಯುತ್ತದೆ, ಹಸಿರು ಎಣ್ಣೆ ಕನ್ನಡಿಯ ಪಕ್ಕದಿಂದ ಸುರಿದು ಚಾಲಕನ ಅಂಗಿ, ಸೀಟಿನ ಚರ್ಮ ಎಲ್ಲವನ್ನೂ ತೋಯಿಸುತ್ತದೆ. ಆ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ರೋಗ ಇದು. ಮೀಟರ್‌ನಲ್ಲಿ 30,000 ಇದ್ದರೇನು, 2,00,000 ಇದ್ದರೇನು, ಆ ಹೋಸ್‌ಗೆ ಗೊತ್ತಿರುವುದು ತನ್ನ ವಯಸ್ಸು ಮಾತ್ರ. ಬಿಎಂಡಬ್ಲ್ಯು ಝಡ್4ರ ಮೊದಲ ತಲೆಮಾರಿನಲ್ಲಿ ಟಾಪಿನ ಪಂಪಿನ ಮೋಟಾರ್ ಒಂದು ಮೂಲೆಯ ತಗ್ಗಿನಲ್ಲಿ ಕುಳಿತಿರುತ್ತದೆ. ನೀರು ಹೋಗುವ ಕೊಳವೆಗೆ ಎಲೆ, ಕಸ ಕಟ್ಟಿಕೊಂಡರೆ ಆ ತಗ್ಗು ತುಂಬಿ ಮೋಟಾರ್ ಮುಳುಗುತ್ತದೆ. ಮರದಡಿ ಸುಮ್ಮನೆ ನಿಂತ ಕಾರಿಗೇ ಈ ಅಪಾಯ ಹೆಚ್ಚು.

ಈಗ ನಿಮ್ಮ ಎಸ್‌ಎಲ್‌ಗೆ ಬರುತ್ತೇನೆ. ಚೆಂದದ ಕಾರು, ಅದರಲ್ಲಿ ಎರಡು ಮಾತಿಲ್ಲ. 2001ರಲ್ಲಿ ಬಂದ ತಲೆಮಾರು ಅದು, ಆರ್230 ಎನ್ನುತ್ತಾರೆ. ಗಟ್ಟಿ ಟಾಪು 16 ಸೆಕೆಂಡಿನಲ್ಲಿ ಮಡಚಿ ಡಿಕ್ಕಿಯೊಳಗೆ ಸೇರಿಕೊಳ್ಳುತ್ತದೆ. ಅದರ 5 ಲೀಟರ್ ವಿ8 ಎಂಜಿನ್ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ, ಸರಿಯಾಗಿ ಆಯಿಲ್ ಬದಲಿಸಿದರೆ ಬಹಳ ಕಾಲ ಬಾಳುತ್ತದೆ. ಎಂಜಿನ್ ಸುತ್ತ ಇರುವುದೇ ಚಿಂತೆ. ಆ ಕಾಲದ ಹಲವು ಎಸ್‌ಎಲ್‌ಗಳಲ್ಲಿ ಎಬಿಸಿ ಎಂಬ ಹೈಡ್ರಾಲಿಕ್ ಸಸ್ಪೆನ್ಷನ್ ಇರುತ್ತದೆ. ಸುಮಾರು 200 ಬಾರ್ ಒತ್ತಡದಲ್ಲಿ ಎಣ್ಣೆ ಹೋಸ್‌ಗಳಲ್ಲಿ ಹರಿಯುತ್ತದೆ. ಇಪ್ಪತ್ತು ವರ್ಷದ ಹೋಸ್, 200 ಬಾರ್. ಯೋಚಿಸಿ. ಬ್ರೇಕ್ ಕೂಡ ಮಾಮೂಲಿನದಲ್ಲ, ಎಸ್‌ಬಿಸಿ ಎಂಬ ವಿದ್ಯುನ್ಮಾನ ವ್ಯವಸ್ಥೆ. ಪೆಡಲ್ ಒತ್ತಿದಾಗ ಕಂಪ್ಯೂಟರ್ ಪಂಪಿಗೆ ಹೇಳಿ ಬ್ರೇಕ್ ಹಾಕಿಸುತ್ತದೆ. ಆ ಪಂಪಿನ ಘಟಕ ಎಷ್ಟು ಸಲ ಬ್ರೇಕ್ ಹಾಕಲಾಯಿತು ಎಂಬ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಮಿತಿ ಮುಟ್ಟಿದಾಗ ಎಚ್ಚರಿಕೆಯ ದೀಪ ಹಚ್ಚಿ ಬದಲಿಸು ಎನ್ನುತ್ತದೆ. ಅದನ್ನು ನಿಷ್ಕ್ರಿಯಗೊಳಿಸದೆ ಪ್ಯಾಡ್ ಬದಲಿಸಲು ಹೋದರೆ ವ್ಯವಸ್ಥೆ ತಾನಾಗಿಯೇ ಒತ್ತಡ ಕೊಟ್ಟು ಬೆರಳು ನಜ್ಜುಗುಜ್ಜಾಗಬಹುದು. ಅಂದರೆ ಈ ಕಾರನ್ನು ಕಂಡಕಂಡ ಗ್ಯಾರೇಜಿಗೆ ಬಿಡುವಂತಿಲ್ಲ, ಗೊತ್ತಿರುವ ಕೈಯೇ ಬೇಕು.

20 ವರ್ಷಕ್ಕೆ 38,000 ಎಂದರೆ ವರ್ಷಕ್ಕೆ 1,900 ಕಿಲೋಮೀಟರ್. ಸಾಮಾನ್ಯವಾಗಿ ಹೀಗಾಗಲು ಎರಡು ದಾರಿ: ತಿಂಗಳುಗಟ್ಟಲೆ ನಿಂತಿರಬೇಕು, ಇಲ್ಲವೇ ಐದು ಹತ್ತು ನಿಮಿಷದ ಓಡಾಟಕ್ಕಷ್ಟೇ ಹೊರಗೆ ಬಂದಿರಬೇಕು. ಎರಡೂ ಎಂಜಿನ್‌ಗೆ ಒಳ್ಳೆಯದಲ್ಲ. ಎಂಜಿನ್ ತಂಪಾಗಿಡುವ ಕೂಲೆಂಟ್ ದ್ರವ ಬೇಗ ಬಿಸಿಯಾಗುತ್ತದೆ, ಆಯಿಲ್ ಪೂರ್ತಿ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಎಂಜಿನ್ ಆರಿಸಿದರೆ ಒಳಗೆ ಕೂಡಿದ ತೇವಾಂಶ, ಸೋರಿ ಸೇರಿದ ಪೆಟ್ರೋಲು ಆವಿಯಾಗದೆ ಆಯಿಲ್‌ನಲ್ಲೇ ಉಳಿಯುತ್ತವೆ. ಓಡದ ಕಾರಿನ ಆಯಿಲ್ ಸೀಲ್ ಒಣಗಿ ಗಡುಸಾಗುತ್ತದೆ, ಬ್ರೇಕ್ ಡಿಸ್ಕ್ ತುಕ್ಕು ಹಿಡಿಯುತ್ತದೆ, ಬ್ಯಾಟರಿ ಸಾಯುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ, ಕಾರು ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರಿನ ಹಲ್ಲು ತುಂಬಿದಂತೆ ಕಾಣುತ್ತದೆ, ನಿಜ. ಅದರ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರನ್ನು ಹಲ್ಲು ಎಷ್ಟೇ ಇರಲಿ ತೆಗೆದುಬಿಡಿ ಎಂದು ಟೈರ್ ಕಂಪನಿಗಳೇ ಹೇಳುತ್ತವೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕಡಿಮೆ ಓಡಿದೆ ಎಂಬ ಕಾರಣಕ್ಕೆ ನೀವು ಹೆಚ್ಚಿಗೆ ದುಡ್ಡು ಕೊಡುತ್ತೀರಿ. ಆಮೇಲೆ ಪ್ರತಿ ಸಲ ಕೀಲಿ ತಿರುಗಿಸಿದಾಗಲೂ ನೀವೇ ದುಡ್ಡು ಕೊಟ್ಟು ಕೊಂಡ ಆ ಅಂಕಿಯನ್ನು ನೀವೇ ಕರಗಿಸುತ್ತೀರಿ. ವರ್ಷಕ್ಕೆ 10,000 ಓಡಿಸಿದರೂ ನಾಲ್ಕು ವರ್ಷಕ್ಕೆ ಅದು 78,000 ಓಡಿದ ಹಳೆಯ ಕಾರು; ಕಡಿಮೆ ಓಡಿದ್ದು ಎಂಬ ಹೆಚ್ಚುಗಾರಿಕೆ ಹೋಯಿತು, ವಯಸ್ಸು ಉಳಿಯಿತು. ಇ-ಕ್ಲಾಸ್ 1,40,000ದಿಂದ 1,80,000ಕ್ಕೆ ಹೋದರೆ ಕೊಳ್ಳುವವನ ಕಣ್ಣಿಗೆ ಅಷ್ಟು ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನೀವು ಕಾರನ್ನು ಹೂವಿನಂತೆ ಮುಚ್ಚಿಡುವವರಲ್ಲ ಭಾವ, ಓಡಿಸುವವರು. ಓಡಿಸಲು ಮನಸ್ಸು ಹಿಂಜರಿಯುವ ಕಾರು ನಿಮಗೆ ಬೇಡ ಎಂದೇ ನನ್ನ ಬಲವಾದ ನಂಬಿಕೆ.

ಇ-ಕ್ಲಾಸ್‌ನ 1,40,000 ಕೇಳಲು ದೊಡ್ಡದು. ವರ್ಷಕ್ಕೆ ಭಾಗಿಸಿದರೆ ಸುಮಾರು 14,000. ಅದು ದುಡಿಸಿಕೊಂಡ ಕಾರಲ್ಲ, ಸಾಧಾರಣವಾಗಿ ಬಳಸಿದ ಕಾರು. ಹೆದ್ದಾರಿಯಲ್ಲೇ ಹೆಚ್ಚು ಓಡಿದ್ದರೆ ಇನ್ನೂ ಒಳ್ಳೆಯದು. ಈ ಹಂತದಲ್ಲಿ ಸಸ್ಪೆನ್ಷನ್ ಬುಷ್, ಶಾಕ್ ಅಬ್ಸಾರ್ಬರ್, ಎಂಜಿನ್ ಮೌಂಟ್, ಒಂದೆರಡು ವೀಲ್ ಬೇರಿಂಗ್ ಕೇಳಬಹುದು. ಖರ್ಚು ಇದೆ, ಇಲ್ಲ ಎನ್ನುವುದಿಲ್ಲ, ಆದರೆ ಮೊದಲೇ ಲೆಕ್ಕ ಹಾಕಬಹುದಾದ ಖರ್ಚು. ಆ ಕ್ಯಾಬ್ರಿಯೊಲೆಟ್ ಹೆಸರಿಗೆ ಇ-ಕ್ಲಾಸ್ ಆದರೂ ತಳಪಾಯ ಆಗಿನ ಸಿ-ಕ್ಲಾಸ್‌ನದು. ಸಿ-ಕ್ಲಾಸ್ ಲೆಕ್ಕವಿಲ್ಲದಷ್ಟು ಮಾರಾಟವಾಗಿದೆ, ಬಿಡಿಭಾಗ ಸಿಗುವುದು ಸುಲಭ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಗಟ್ಟಿಯಾಗಿ ಕೇಳಿ. “ಅದನ್ನು ಬದಲಿಸಬೇಕಾಗಿಯೇ ಇಲ್ಲ” ಎನ್ನುವವರಿದ್ದಾರೆ. ಎಷ್ಟೋ ಕಂಪನಿಗಳ ಕಾರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ತನ್ನ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಇ-ಕ್ಲಾಸ್‌ನದು ಮರ್ಸಿಡಿಸ್‌ನದೇ ಪೆಟ್ಟಿಗೆ, ಆದರೂ 1,40,000 ಓಡಿದ ಮೇಲೆ ಒಮ್ಮೆಯಾದರೂ ಬದಲಿಸಿದ ಬಿಲ್ ಇರಲೇಬೇಕು.

ಅದರ ಟಾಪು ಬಟ್ಟೆಯದು. ಬಟ್ಟೆ ಎಂದರೆ ಕಳಪೆ ಎಂದು ಚಿಕ್ಕಮ್ಮ ಬರೆದಿದ್ದರು. ಹಾಗಲ್ಲ ಚಿಕ್ಕಮ್ಮ, ಪದರ ಪದರವಾಗಿ ದಪ್ಪಗಿರುತ್ತದೆ, ಸದ್ದನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಗಟ್ಟಿ ಟಾಪಿಗಿಂತ ಕಡಿಮೆ ಜಾಗ ಹಿಡಿಯುತ್ತದೆ. ಬಿಎಂಡಬ್ಲ್ಯು ಕೂಡ 3 ಸೀರೀಸ್, 4 ಸೀರೀಸ್ ಕನ್ವರ್ಟಿಬಲ್‌ಗಳಲ್ಲಿ ಗಟ್ಟಿ ಟಾಪು ಇಟ್ಟು, ಕೊನೆಗೆ ಈಗಿನ 4 ಸೀರೀಸ್‌ನಲ್ಲಿ ಬಟ್ಟೆಗೇ ಮರಳಿದೆ. ನಿಮ್ಮ ಇ-ಕ್ಲಾಸ್‌ನದು 20 ಸೆಕೆಂಡಿನಲ್ಲಿ ತೆರೆಯುತ್ತದೆ, 40 ಕಿಲೋಮೀಟರ್ ವೇಗದವರೆಗೆ ಓಡುತ್ತಲೇ ತೆರೆಯಬಹುದು. ಹಿಂದಿನ ಸೀಟಿನ ಬೆನ್ನಿಗೆ, ಕಾರು ಮಗುಚುವಂತಾದರೆ ತಾನಾಗಿ ಮೇಲೇಳುವ ರಕ್ಷಣಾ ಕಂಬಿಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕು ಸೀಟು. ಎಸ್‌ಎಲ್‌ನಲ್ಲಿ ಎರಡೇ. ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ?

ಹೊಸದು ಎಂದ ಮಾತ್ರಕ್ಕೆ ಯಾವಾಗಲೂ ಮೇಲು ಎಂದು ತಿಳಿಯಬೇಡಿ. 2008ರಿಂದ ಬಂದ ಬಿಎಂಡಬ್ಲ್ಯುವಿನ ಎನ್63 ಎಂಬ ವಿ8 ಎಂಜಿನ್‌ನ ಆರಂಭದ ವರ್ಷಗಳವು ಆಯಿಲ್ ಕುಡಿಯುವುದಕ್ಕೆ ಕುಖ್ಯಾತ. ಟರ್ಬೊಗಳು ಎಂಜಿನ್‌ನ ನಡುವಿನ ಕಣಿವೆಯಲ್ಲೇ ಕುಳಿತು, ಆ ಕಾವಿಗೆ ವಾಲ್ವ್ ಸೀಲ್‌ಗಳು ಗಡುಸಾಗಿ ಆಯಿಲ್ ಒಳಗೆ ಸೋರಲು ಬಿಡುತ್ತವೆ. ನೀವು ಆ ಎಂಜಿನ್‌ನ ಹೆಚ್ಚು ಓಡಿದ 6 ಸೀರೀಸ್ ತೋರಿಸಿದ್ದರೆ ನಾನು ಬೇಡವೇ ಬೇಡ ಎನ್ನುತ್ತಿದ್ದೆ. ಹಾಗೆಯೇ ಈ ಎಸ್‌ಎಲ್‌ನ ಮಾಲೀಕರು ಪ್ರತಿ ವಾರ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿದ್ದು, ಟಾಪಿನ ಸಿಲಿಂಡರ್ ಸೀಲ್, ಎಬಿಸಿ ಹೋಸ್, ಎಸ್‌ಬಿಸಿ ಘಟಕ ಬದಲಿಸಿದ ಬಿಲ್‌ಗಳನ್ನು ಮುಂದಿಟ್ಟರೆ ನನ್ನ ಮಾತು ಬೇರೆಯಾಗುತ್ತದೆ. ಆಗಲೂ ಅದು ಮನೆಯ ಎರಡನೆಯ ಕಾರು, ಆಸೆಗೆ ಇಟ್ಟುಕೊಳ್ಳುವ ಕಾರು.

ನೋಡಲು ಹೋದಾಗ ಏನು ಮಾಡಬೇಕೆಂದು ಹೇಳುತ್ತೇನೆ, ಇದು ಎರಡೂ ಕಾರಿಗೆ ಅನ್ವಯ. ಬೆಳಿಗ್ಗೆಯೇ ಹೋಗಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ಅವರು ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ ಎಂಬ ಅನುಮಾನ ಇಟ್ಟುಕೊಳ್ಳಿ. ಎಂಜಿನ್ ಚಾಲೂ ಇಟ್ಟು ಟಾಪನ್ನು ಪೂರ್ತಿ ತೆರೆದು ಮುಚ್ಚಿ, ಬಿಡದೆ ಮೂರು ಸಲ. ಪಂಪಿನ ಸದ್ದು ಒಂದೇ ಸಮನಾಗಿರಬೇಕು, ನರಳಬಾರದು. ಕಾರಿನ ಹಿಂದೆ ನಿಂತು ನೋಡಿ: ಎಡ ಬಲ ಎರಡೂ ಒಟ್ಟಿಗೆ ಏಳಬೇಕು. ಒಂದು ಕಡೆ ಹಿಂದೆ ಬಿದ್ದರೆ ಆ ಬದಿಯ ಸಿಲಿಂಡರ್ ಸೋರುತ್ತಿರಬಹುದು. ಡಿಕ್ಕಿಯಲ್ಲಿ ಸಾಮಾನು ಬೇರೆಯಾಗಿಡುವ ಮಡಚು ತೆರೆ ಸರಿಯಾಗಿ ಎಳೆದಿರದಿದ್ದರೆ ಟಾಪು ಅಲುಗುವುದೇ ಇಲ್ಲ, ಅದು ದೋಷವಲ್ಲ. ತೆರೆ ಸರಿಯಿದ್ದೂ ಟಾಪು ಅರ್ಧಕ್ಕೆ ನಿಂತು, “ಸಣ್ಣ ಸೆನ್ಸರ್ ಅಷ್ಟೇ” ಎಂದು ಅವರು ಹೇಳಿದರೆ, ಸರಿಮಾಡಿಸಿ ಹೇಳಿ ಎಂದು ಎದ್ದು ಬನ್ನಿ.

ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿ, ಕೆಳಗಿನ ತಗ್ಗಿನಲ್ಲಿ ತುಕ್ಕಿನ ಗೆರೆ, ಎಣ್ಣೆಯ ಜಿಡ್ಡು ಇದೆಯೇ ನೋಡಿ. ಸೀಟಿನ ಹಿಂದೆ ಮ್ಯಾಟ್ ತೆಗೆದು ಕಾರ್ಪೆಟನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ಮೇಲೆ ಒಣಗಿದ್ದರೂ ಕೆಳಗಿನ ಸ್ಪಂಜು ನೀರು ಹಿಡಿದಿಟ್ಟುಕೊಂಡಿರುತ್ತದೆ, ಒತ್ತಿದಾಗ ತಣ್ಣಗೆ ತಾಗುತ್ತದೆ. ಮುಗ್ಗಲು ವಾಸನೆ ಬಂದರೆ ಒಳಗೆಲ್ಲೋ ನೀರು ನಿಂತಿದೆ ಎಂದರ್ಥ, ಬಹಳ ಕಾರುಗಳಲ್ಲಿ ಕಂಪ್ಯೂಟರ್ ಘಟಕಗಳು ಇರುವುದೂ ಅಲ್ಲೇ. ಬಟ್ಟೆಯ ಟಾಪಿನ ಮಡಿಕೆ ಬೀಳುವ ಗೆರೆ, ಹಿಂದಿನ ಗಾಜಿನ ಅಂಟಿನ ಅಂಚು ಉಗುರಿನಿಂದ ಸವರಿ ನೋಡಿ.

1,40,000 ನಿಜವಾದ ಅಂಕಿಯೇ ಎಂಬುದೂ ಮುಖ್ಯ. 38,000ಕ್ಕೂ ಅದೇ ಪರೀಕ್ಷೆ, ಇನ್ನೂ ಕಟ್ಟುನಿಟ್ಟಾಗಿ. ಸ್ಟೇರಿಂಗ್ ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ, ಬ್ರೇಕ್ ಪೆಡಲಿನ ರಬ್ಬರ್ ಒಂದು ಮೂಲೆ ಸವೆದಿದ್ದರೆ, 38,000 ಎಂಬ ಮಾತು ಕೂಡಿ ಬರುವುದಿಲ್ಲ. ಸರ್ವಿಸ್ ಬಿಲ್‌ಗಳಲ್ಲಿ ದಿನಾಂಕವೂ ಕಿಲೋಮೀಟರೂ ಜೊತೆಜೊತೆಯಾಗಿ ಏರುತ್ತಾ ಬಂದಿರಬೇಕು.

ಈಗ ಮಾರುವವರಿಂದ ಎರಡೂ ಕಾರಿನ ಬಿಲ್‌ಗಳ ಫೋಟೊ, ಚಾಸಿಸ್ ನಂಬರ್, ನಾಲ್ಕೂ ಟೈರಿನ ಅಂಕಿಗಳ ಫೋಟೊ ತರಿಸಿಕೊಂಡು ನನಗೆ ಕಳುಹಿಸಿ. ಕೊಡಲು ಸತಾಯಿಸುವವರ ಕಾರನ್ನು ಅಲ್ಲಿಗೇ ಬಿಟ್ಟುಬಿಡೋಣ. ಭಾನುವಾರ ನಾನು ಬಿಡುವಾಗಿದ್ದೇನೆ, ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ತರುತ್ತೇನೆ. ಮೀಟರ್ ಬಿಟ್ಟು ಬೇರೆ ಘಟಕಗಳಲ್ಲೂ ಕಿಲೋಮೀಟರ್ ದಾಖಲಾಗಿದ್ದರೆ ಅದರಲ್ಲಿ ಓದಬಹುದು. ಅಕ್ಕನನ್ನೂ ಕರೆದುಕೊಂಡು ಬನ್ನಿ. ಟಾಪ್ ತೆರೆದು ಹೆದ್ದಾರಿಯ ವೇಗದಲ್ಲಿ ಒಂದಷ್ಟು ದೂರ ಹೋಗೋಣ, ಹಿಂದಿನ ಸೀಟಿನಲ್ಲಿ ಗಾಳಿ ಹೇಗೆ ಹೊಡೆಯುತ್ತದೆ ಎಂದು ಅವಳೇ ಕುಳಿತು ಹೇಳಲಿ, ಏಕೆಂದರೆ ಮಕ್ಕಳು ಕೂರುವುದು ಅಲ್ಲೇ.