ಅಪ್‌ಡೇಟ್: ಮಗಳ ಕೋವಿಯ ಸ್ಟಾಕ್ ಈಗ ಭುಜಕ್ಕೆ ಹೊಂದಿದೆ

ಕ್ಲೇ ಟಾರ್ಗೆಟ್ (ಗಾಳಿಯಲ್ಲಿ ಹಾರಿಸಿದ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು ಹೊಡೆಯುವ ಆಟ) ಅಭ್ಯಾಸ ಆರಂಭಿಸಿರುವ 14 ವರ್ಷದ ನನ್ನ ಮಗಳು ಕೋವಿಯನ್ನು ಭುಜಕ್ಕೆ ಆನಿಸುವಾಗ ಸೊಂಟದಿಂದ ಹಿಂದಕ್ಕೆ ವಾಲುತ್ತಾಳೆ, ಕೆನ್ನೆ ನೋಯುತ್ತದೆ ಎನ್ನುತ್ತಾಳೆ, ಏನು ಮಾಡಬೇಕೆಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಹಿರಿಯರೆಲ್ಲರಿಗೂ ವಂದನೆಗಳು. ತಪ್ಪು ಅವಳದಾಗಿರಲಿಲ್ಲ.

ಕೋವಿ ಖಾಲಿಯಿದೆಯೆಂದು ಎರಡು ಬಾರಿ ಖಚಿತಪಡಿಸಿಕೊಂಡು ಅಳೆದಾಗ, ಟ್ರಿಗರ್‌ನಿಂದ ಸ್ಟಾಕಿನ (ಭುಜಕ್ಕೆ ಆನಿಸುವ ಮರದ ಭಾಗ) ಹಿಂತುದಿಯವರೆಗೆ 14¼ ಇಂಚು ಇತ್ತು; ಅದು ದೊಡ್ಡವರ ಅಳತೆ. ಕೊಡಗಿನ ನಮ್ಮ ಮನೆಯಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಂದು ಎಲ್ಲರೂ ಒಂದೇ ಕೋವಿಯನ್ನು ಎತ್ತಿ ಬೆಳೆದವರಾದ್ದರಿಂದ ಇದು ನನಗೆ ಹೊಳೆದಿರಲೇ ಇಲ್ಲ. ದುರಸ್ತಿಗಾರರು ಮರವನ್ನು ಕತ್ತರಿಸಿ ರಬ್ಬರ್ ಪ್ಯಾಡ್ ಸೇರಿ 12¾ ಇಂಚಿಗೆ ತಂದ ಮೇಲೆ, ಗುರಿ ಹಿಡಿದಾಗ ಅವಳ ಮೂಗಿಗೂ ಹಿಡಿಯ ಮೇಲಿನ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನಷ್ಟು ಅಂತರ ಉಳಿಯುತ್ತಿದೆ. ಅವಳು ಬೆಳೆದಂತೆ ಮತ್ತೆ ಜೋಡಿಸಲು ಕತ್ತರಿಸಿದ ತುಂಡನ್ನು ಜೋಪಾನವಾಗಿ ಇಟ್ಟಿದ್ದೇನೆ.

ಕೆನ್ನೆ ಆನುವ ಭಾಗ ತಗ್ಗಾಗಿದ್ದು, ಕಣ್ಣು ನಳಿಕೆಯ ಮೇಲಿನ ಪಟ್ಟಿಗಿಂತ ಕೆಳಗಿಳಿಯುತ್ತಿತ್ತು. ಅಲ್ಲಿ ತೆಳುವಾದ ಪ್ಯಾಡನ್ನು ಪದರ ಪದರವಾಗಿ ಅಂಟಿಸಿ ಸರಿಪಡಿಸಿದೆವು. ಸ್ಟಾಕ್ ಗಿಡ್ಡವಾದ ಕಾರಣ ಕೋವಿಯ ಭಾರ ಸ್ವಲ್ಪ ಮುಂದಕ್ಕೆ ಸರಿದಿದೆ. ಹಾಗಾಗಿ ತೋಳು ಬಲಿಯುವವರೆಗೆ ದಿನಕ್ಕೆ 25 ಗುಂಡುಗಳೇ ಸಾಕೆಂದು ತರಬೇತುದಾರರು ಹೇಳಿದ್ದಾರೆ, 24 ಗ್ರಾಂ ಚರೆ ತುಂಬಿದ ಹಗುರ ತೋಟಾಗಳನ್ನೇ ಬಳಸುತ್ತಿದ್ದೇವೆ. ಕಳೆದ ಭಾನುವಾರ ಅವಳು ನೋವೆನ್ನಲಿಲ್ಲ.