ಬ್ರೆಡ್ ಮಷಿನ್: ಗೋಧಿ ಬ್ರೆಡ್ ನಡುವೆ ಕುಸಿಯುತ್ತೆ, ಪ್ಯಾನ್ ತಳದಲ್ಲಿ ಕಪ್ಪು ಕಲೆ

ಮಂಡ್ಯ_ಅಡುಗೆಮನೆ:
ಮಾರ್ಚ್‌ನಿಂದ ಬ್ರೆಡ್ ಚೆನ್ನಾಗಿ ಉಬ್ಬಿ, ಬೇಯುವಾಗ ನಡುವೆ ಗುಂಡಿ ಬೀಳ್ತಿದೆ. ಮಿಲ್ ಮಾಡಿಸಿದ ಗೋಧಿ ಹಿಟ್ಟು 500 ಗ್ರಾಂ, ನೀರು 370 ಎಂಎಲ್, ಇನ್‌ಸ್ಟಂಟ್ ಯೀಸ್ಟ್ 2 ಟೀ ಚಮಚ, ಉಪ್ಪು 1 ಟೀ ಚಮಚ, ಹೋಲ್ ವೀಟ್ ಪ್ರೋಗ್ರಾಂ. ಪ್ಯಾಡಲ್ (ಹಿಟ್ಟು ನಾದೋ ರೆಕ್ಕೆ) ಬ್ರೆಡ್ಡಿಗೇ ಕಚ್ಕೊಂಡು ಬರುತ್ತೆ. ಪ್ಯಾನ್ ತಳದಲ್ಲಿ ಕಪ್ಪು ಜಿಡ್ಡು ಬೇರೆ. ಏನ್ಮಾಡೋದು?

ಒಂಟಿಕೊಪ್ಪಲ್_ಓವನ್:
ಯೀಸ್ಟ್ ಜಾಸ್ತಿ, ಉಪ್ಪು ಕಮ್ಮಿ. ಬೇಸಿಗೇಲಿ ಹಿಟ್ಟು ಬೇಗ ಹುದುಗುತ್ತೆ, ಮಷಿನ್ ಮಾತ್ರ ತನ್ನ ಟೈಮಿಗೇ ಬೇಯಿಸೋಕೆ ಶುರು ಮಾಡೋದು. ಅಷ್ಟರಲ್ಲಿ ಹಿಟ್ಟಿನ ಒಳಗಿನ ಅಂಟಿನ (ಗ್ಲುಟೆನ್) ಜಾಲ ಹಿಗ್ಗಿ ಸೋತಿರುತ್ತೆ, ಬಿಸಿ ತಗುಲಿದ ಕೂಡ್ಲೆ ಕುಸಿಯುತ್ತೆ. ಯೀಸ್ಟ್ 1 ಚಮಚ (3 ಗ್ರಾಂ), ಉಪ್ಪು ಒಂದೂವರೆ ಚಮಚ ಮಾಡಿ. ನೀರು 350ರಿಂದ ಶುರು ಮಾಡಿ, ಫ್ರಿಜ್ಜಿನದು.

ನಾದೋಕೆ ಶುರುವಾಗಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ಉಂಡೆ ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು, ಒಬ್ಬಟ್ಟಿನ ಕಣಕದ ಥರ ಜಾರಬಾರದು. ತಳಕ್ಕೆ ಮೆತ್ಕೊಂಡ್ರೆ ಒಂದು ಚಮಚ ಹಿಟ್ಟು, ಗಟ್ಟಿಯಾಗಿ ದಬದಬ ಬಡೀತಿದ್ರೆ ಒಂದು ಚಮಚ ನೀರು.

ಗಿರಣಿ_ಪಕ್ಕದ_ಮನೆ:
ಯೀಸ್ಟ್ ವಿಷಯ ಒಪ್ಪಿದೆ, ಫ್ರಿಜ್ ನೀರು ನಂಬ್ಕೋಬೇಡಿ. ಹಲವು ಮಾಡೆಲ್‌ಗಳಲ್ಲಿ ಹೋಲ್ ವೀಟ್ ಪ್ರೋಗ್ರಾಂ ಮೊದಲು ಅರ್ಧ ಗಂಟೆ ಎಲ್ಲವನ್ನೂ ಬೆಚ್ಚಗೆ ಮಾಡ್ಕೊಳ್ಳುತ್ತೆ, ತಂಪು ಅಲ್ಲೇ ಹೋಯ್ತು. ಬೇಸಿಕ್ ಪ್ರೋಗ್ರಾಂನಲ್ಲಿ ಒಂದ್ಸಲ ಹಾಕಿ ನೋಡಿ.

ಹಿಟ್ಟನ್ನೂ ಗಮನಿಸಿ. ನಿಮ್ಮೂರ ಮಿಲ್ಲಲ್ಲಿ ರಾಗಿ ಬೀಸಿದ ಬೆನ್ನಿಗೇ ಗೋಧಿ ಸುರಿದ್ರೆ ಮೊದಲು ಬರೋದ್ರಲ್ಲಿ ರಾಗಿ ಸೇರಿರುತ್ತೆ. ರಾಗೀಲಿ ಅಂಟಿಲ್ಲ, ಬ್ರೆಡ್ ಏಳಲ್ಲ. ಆ ಹಿಟ್ಟು ರೊಟ್ಟಿಗಿರಲಿ. ಬಿಸಿ ಹಿಟ್ಟು ಪೂರ್ತಿ ಆರಿದ ಮೇಲೇ ಬಳಸಿ.

ಒಂಟಿಕೊಪ್ಪಲ್_ಓವನ್:
ಬೆಚ್ಚಗೆ ಮಾಡ್ಕೊಳ್ಳೋದು ನಿಜ, ಮರೆತಿದ್ದೆ. ಪ್ಯಾಡಲ್‌ಗೆ: ಹಾಕುವ ಮುಂಚೆ, ಪ್ಯಾನ್ ತಳದಲ್ಲಿ ಅದು ಕೂರೋ ಕಡ್ಡಿಗೆ ಒಂದು ತೊಟ್ಟು ಎಣ್ಣೆ ಸವರಿ. ಕೊನೇ ಸಲ ನಾದಿದ ಮೇಲೆ ಒದ್ದೆ ಕೈಯಿಂದ ಉಂಡೆ ಎತ್ತಿ ಪ್ಯಾಡಲ್ ತೆಗೆದುಬಿಟ್ರೆ ಇನ್ನೂ ವಾಸಿ. ಪ್ಯಾನಿಗೇ ಕಚ್ಚಿದ್ರೆ ಬಿಸಿನೀರು ಹಾಕಿ 15 ನಿಮಿಷ ಬಿಡಿ. ಚಾಕು ತಾಗಿಸ್ಬೇಡಿ, ಕೋಟಿಂಗ್ ಹೋಗುತ್ತೆ.

ರಿಪೇರಿ_ಮೂಲೆ:
ಕಪ್ಪು ಜಿಡ್ಡು ಅಂದ್ರೆ ಕಡ್ಡಿಯ ಸೀಲ್ (ನೀರು ಸೋರದಂತೆ ತಡೆಯೋ ಬಳೆ) ಸವೆದಿರಬಹುದು. ಪ್ಯಾನಿಗೆ ಅರ್ಧ ಲೋಟ ನೀರು ಹಾಕಿ ಪೇಪರ್ ಮೇಲೆ ಒಂದು ಗಂಟೆ ಇಡಿ, ಕಡ್ಡಿಯನ್ನ ಕೆಳಗಿನಿಂದ ಆಗಾಗ ತಿರುಗಿಸಿ. ಪೇಪರ್ ಒದ್ದೆಯಾದ್ರೆ ಸೀಲ್ ಬದಲಿಸ್ಬೇಕು. ಬಿಡಿಸೋಕೆ ಬರದ ಪ್ಯಾನ್ ಆದ್ರೆ ಹೊಸ ಪ್ಯಾನೇ ಗತಿ. ಸೋರುವ ಪ್ಯಾನ್ ಬಳಸ್ತಾ ಹೋದ್ರೆ ನೀರು ಮಷಿನ್ ಒಳಕ್ಕಿಳಿದು ಅಲ್ಲಿನ ಬೇರಿಂಗೂ ಹಾಳು. ಇನ್ಮೇಲೆ ಪ್ಯಾನನ್ನ ನೀರಲ್ಲಿ ಮುಳುಗಿಸಿ ತೊಳೀಬೇಡಿ, ಒಳಗಷ್ಟೇ ತೊಳೆದು ತಳ ಒರೆಸಿ.